ಗುಂಡು ಹಾರಿಸದವನಿಗೆ ತೋಟೆ ಪ್ರೆಸ್ಸಿನ ಹುಚ್ಚು ಯಾಕೆ?

ಪುಣೆಯ ನಮ್ಮ ಮನೆಗೆ ಮೊದಲ ಸಲ ಬಂದವರು ಯಾರೇ ಆಗಲಿ, ಚಹಾ ಮುಗಿಯುವಷ್ಟರಲ್ಲಿ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಹಾಲ್‌ನ ಗೋಡೆಯ ಮೇಲೆ ಚೌಕಟ್ಟು ಹಾಕಿಸಿದ ಮೂರು ಡ್ರಾಯಿಂಗ್‌ಗಳಿವೆ. ನಾನೇ ಪೆನ್ಸಿಲಿನಲ್ಲಿ ಬರೆದದ್ದು. "ಇದೇನು ಸಾರ್, ಕಬ್ಬಿನ ಹಾಲಿನ ಮೆಷಿನ್ನಾ?" ಅಂತ ಮಾತು ಶುರುವಾಗುತ್ತದೆ. ಅಲ್ಲ, ಬಂದೂಕಿನ ಖಾಲಿ ತೋಟೆಗೆ ಮತ್ತೆ ಮದ್ದು ಗುಂಡು ತುಂಬುವ ಹಳೇ ಕೈ ಪ್ರೆಸ್ಸು ಅಂದರೆ ಎದುರಿನ ಕುರ್ಚಿ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ. ಆಮೇಲೆ ಬರುವುದೇ ಆ ಪ್ರಶ್ನೆ. "ನಿಮ್ಮ ಹತ್ರ ಬಂದೂಕಿಲ್ಲ. ಶಿಕಾರಿ ಮಾಡಿದವರಲ್ಲ. ಜಿರಳೆ ಹೊಡೆಯೋದಕ್ಕೂ ಹೆಂಡತೀನ ಕರೀತೀರಿ. ನಿಮಗ್ಯಾಕೆ ಇದರ ಹುಚ್ಚು?"

ಜಿರಳೆಯ ಮಾತು ನಮ್ಮ ಭಾವನದ್ದು. ಉಳಿದದ್ದು ಎಲ್ಲರದ್ದೂ.

ನಾನು ಪುಣೆ ಪಕ್ಕದ ಕೈಗಾರಿಕಾ ಪ್ರದೇಶ ಭೋಸರಿಯ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ 34 ವರ್ಷ ಡೈ ಮತ್ತು ಪಂಚ್, ಅಂದರೆ ಲೋಹ ಒತ್ತುವ ಅಚ್ಚುಗಳನ್ನು ಮಾಡಿದವನು. ತಗಡನ್ನೋ ಹಿತ್ತಾಳೆಯನ್ನೋ ಒತ್ತಿ ಒಂದು ಆಕಾರಕ್ಕೆ ತರುವುದೇ ನನ್ನ ಹೊಟ್ಟೆಪಾಡು. ಊರು ಮಲೆನಾಡು. ನಮ್ಮಜ್ಜನ ಹತ್ತಿರ ಒಂದು ಕೇಪಿನ ಕೋವಿ ಇತ್ತು. ಗದ್ದೆಗೆ ಹಂದಿ ಬಂದಾಗ ಸದ್ದು ಮಾಡುವುದಕ್ಕೆ. ಅದಕ್ಕೆ ತೋಟೆ ಇಲ್ಲ. ನಳಿಗೆಯ ಬಾಯಿಂದಲೇ ಮದ್ದು ಸುರಿದು, ನಾರು ತುರುಕಿ, ಚರೆ ಹಾಕಿ, ಗಜದಲ್ಲಿ ಜಡಿಯಬೇಕು. ಅಜ್ಜ ಒಂದು ಈಡು ತುಂಬುವಷ್ಟರಲ್ಲಿ ಹಂದಿ ಪಕ್ಕದವರ ಗದ್ದೆ ಮುಗಿಸಿರುತ್ತಿತ್ತು. ಊರಿನ ಸಾಹುಕಾರರ ಹತ್ತಿರ ಮಾತ್ರ ತೋಟಾ ಕೋವಿ. ಅವರು ಹೊಡೆದು ಬಿಸಾಕಿದ ಖಾಲಿ ತೋಟೆಗೆ ನಾವು ಹುಡುಗರು ಹೊಡೆದಾಡುತ್ತಿದ್ದೆವು. ಬಾಯಿಗಿಟ್ಟು ಊದಿದರೆ ಒಳ್ಳೇ ಸೀಟಿ.

ಆ ಖಾಲಿ ತೋಟೆಯಲ್ಲೇ ಈ ಪ್ರೆಸ್ಸುಗಳ ಕಥೆ ಇರುವುದು. ರೈಫಲ್ಲಿನ ತೋಟೆಯಲ್ಲಿ ಇರುವುದು ನಾಲ್ಕೇ ವಸ್ತು. ಹಿತ್ತಾಳೆಯ ಕೋಶ, ಅದರ ತಳದಲ್ಲಿ ಪೆಟ್ಟು ಬಿದ್ದರೆ ಕಿಡಿ ಕೊಡುವ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಹೊಡೆದ ಮೇಲೆ ಮದ್ದು ಉರಿದು ಹೋಯಿತು, ಗುಂಡು ಹಾರಿ ಹೋಯಿತು, ಕೇಪು ಸುಟ್ಟಿತು. ನಾಲ್ಕರಲ್ಲಿ ದುಬಾರಿಯಾದ ಹಿತ್ತಾಳೆ ಮಾತ್ರ ಕೈಯಲ್ಲಿ ಉಳಿಯಿತು. ಏನಾಗಿದೆ ಅದಕ್ಕೆ? ಕೂದಲೆಳೆಯಷ್ಟು ಉಬ್ಬಿದೆ, ಅಷ್ಟೆ. ಅದನ್ನು ಹಿಂಡಿ ಮೊದಲಿನ ಅಳತೆಗೆ ತಂದರೆ ಮತ್ತೆ ಬಳಸಬಹುದು. ಹಾಲಿನ ಬಾಟಲಿ ತೊಳೆದು ವಾಪಸ್ ಕೊಟ್ಟ ಕಾಲದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಗ್ಲೆಂಡಿನವರು 19ನೇ ಶತಮಾನದಲ್ಲಿ ಕಾಗದದ ಕೋಶದ ಚರೆ ತೋಟೆಗಳನ್ನು ಮನೆಯಲ್ಲೇ ತುಂಬಿಕೊಳ್ಳುತ್ತಿದ್ದರು. ಅದರ ಬಾಯನ್ನು ಒಳಕ್ಕೆ ಮಡಿಸುವ ಒಂದು ಕೈ ಮೆಷಿನ್ನು ಶೆಫೀಲ್ಡ್‌ನಲ್ಲಿ ತಯಾರಾಗುತ್ತಿತ್ತು. ಜೇಮ್ಸ್ ಡಿಕ್ಸನ್, ಹಾಕ್ಸ್‌ಲಿ ಎಂಬ ಹೆಸರುಗಳು ಅದರ ಮೇಲೆ ಸಿಗುತ್ತವೆ. ಮೇಜಿನ ಅಂಚಿಗೆ ಸ್ಕ್ರೂ ಬಿಗಿದು, ಮರದ ಹಿಡಿ ಇರುವ ಹ್ಯಾಂಡಲ್ ತಿರುಗಿಸುವುದು. ಮೊದಲ ಸಲ ಅದರ ಫೋಟೋ ತೋರಿಸಿದಾಗ ನನ್ನ ಹೆಂಡತಿ "ಕಾಯಿ ತುರಿಯೋ ಮೆಷಿನ್ ಅಲ್ವಾ ಇದು?" ಅಂದಳು. ನಿಜ, ಮುಳ್ಳು ಒಂದು ಇಲ್ಲ ಅಷ್ಟೆ.

ಆದರೆ ಈ ಹವ್ಯಾಸ ಬೇರು ಬಿಟ್ಟಿದ್ದು ಅಮೆರಿಕದಲ್ಲಿ. ಅದಕ್ಕೆ ಒಂದು ತಮಾಷೆಯ ಕಾರಣವೂ ಇದೆ. 1860ರ ದಶಕದಲ್ಲಿ ಎರಡು ಬಗೆಯ ಕೇಪು ಬಂದವು. ಒಂದು ಅಮೆರಿಕದ ಹಿರಾಂ ಬರ್ಡನ್‌ನದ್ದು. ಇನ್ನೊಂದು ಇಂಗ್ಲೆಂಡಿನ ಎಡ್ವರ್ಡ್ ಬಾಕ್ಸರ್‌ನದ್ದು. ಬಾಕ್ಸರ್ ತೋಟೆಯ ತಳದಲ್ಲಿ ನಟ್ಟ ನಡುವೆ ಒಂದೇ ತೂತು. ಒಳಗಿನಿಂದ ಒಂದು ಪಿನ್ ಇಳಿಸಿದರೆ ಸುಟ್ಟ ಕೇಪು ಟಿಕ್ ಅಂತ ಹೊರಗೆ. ಬರ್ಡನ್‌ನದ್ದರಲ್ಲಿ ತೂತುಗಳು ಪಕ್ಕಕ್ಕೆ. ಪಿನ್ ನೇರ ಹೋಗುವುದೇ ಇಲ್ಲ. ಕೇಪನ್ನು ಹೊರಗಿನಿಂದ ಮೀಟಿ ತೆಗೆಯುವ ಫಜೀತಿ. ಆಮೇಲೆ ಆದದ್ದು ನೋಡಿ. ಅಮೆರಿಕದವನದ್ದನ್ನು ಯುರೋಪು ಹಿಡಿಯಿತು, ಇಂಗ್ಲಿಷನದ್ದನ್ನು ಅಮೆರಿಕ ಹಿಡಿಯಿತು. ಹೀಗೆ ಸುಲಭದ ತೂತು ಅಮೆರಿಕದ ಪಾಲಿಗೆ ಬಂತು. ಮನೆಮನೆಯಲ್ಲಿ ತೋಟೆ ತುಂಬುವ ಅಭ್ಯಾಸ ಅಲ್ಲಿ ಬೆಳೆಯುವುದಕ್ಕೆ ಇದೂ ಒಂದು ದೊಡ್ಡ ಕಾರಣ. ತೂತಿನ ಜಾಗ ಚರಿತ್ರೆ ಬದಲಿಸುತ್ತದೆ ಅಂದರೆ ಟೂಲ್ ರೂಮಿನವರು ಮಾತ್ರ ತಲೆಯಾಡಿಸುತ್ತಾರೆ.

ಮೊದಲ ಉಪಕರಣಗಳು ಪ್ರೆಸ್ಸುಗಳಲ್ಲ, ಇಕ್ಕಳಗಳು. ನಮ್ಮ ಕಡೆಯವರಿಗೆ ಅಡಕತ್ತರಿ ಅಂದರೆ ಸಾಕು. ಒಂದು ತುದಿಯಲ್ಲಿ ಕೀಲು, ಎರಡು ಹಿಡಿ, ನಡುವೆ ಅಡಿಕೆಯ ಬದಲು ತೋಟೆ. 1884ರಲ್ಲಿ ಜಾನ್ ಬಾರ್ಲೋ ಎಂಬಾತ ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿ 'ಐಡಿಯಲ್' ಕಂಪನಿ ಶುರು ಮಾಡಿ ಇಂಥ ಇಕ್ಕಳಗಳನ್ನು ಮಾರಿದ. ಕೆಲವದರ ತುದಿಯಲ್ಲೇ ಸೀಸದ ಗುಂಡು ಎರಕ ಹೊಯ್ಯುವ ಅಚ್ಚು. ಅಂಗೈಯಲ್ಲಿ ಹಿಡಿಯುವ ಕಾರ್ಖಾನೆ. ಕುದುರೆಯ ಜೀನಿನ ಚೀಲದಲ್ಲಿ ಹಾಕಿಕೊಂಡು ಹೋಗಿ ರಾತ್ರಿ ಬೆಂಕಿಯ ಪಕ್ಕ ಕೂತು ನಾಳೆಗೆ ಬೇಕಾದ್ದನ್ನು ಮಾಡಿಕೊಳ್ಳಬಹುದು. 1925ರಲ್ಲಿ ಆ ಕಂಪನಿಯನ್ನು ಲೈಮನ್ ಎಂಬ ಇನ್ನೊಂದು ಕಂಪನಿಯವರು ಕೊಂಡರು.

ಇಕ್ಕಳಕ್ಕೆ ಒಂದು ಮಿತಿ ಇದೆ. ಅಂಗೈಯ ಬಲ ಎಷ್ಟೋ ಅಷ್ಟೇ. ತೋಟೆಯ ಕತ್ತನ್ನು ಹಿಂಡಬಹುದು, ಉದ್ದದ ರೈಫಲ್ ತೋಟೆಯ ಇಡೀ ಮೈಯನ್ನು ಹಿಂಡುವುದು ಕಷ್ಟ. ಆಗ ಬೆಂಚಿಗೆ ಬೋಲ್ಟು ಹಾಕಿ ಬಿಗಿಯುವ ಪ್ರೆಸ್ಸು ಬಂತು. ಮೊದಲಿನವು ಇಂಗ್ಲಿಷಿನ 'ಸಿ' ಆಕಾರ. ಸ್ಯಾನ್ ಫ್ರಾನ್ಸಿಸ್ಕೋದ ಪೆಸಿಫಿಕ್ ಕಂಪನಿಯದ್ದು ಹೀಗೇ ಇತ್ತು. ಮುಂದೆ ತೆರೆದಿರುವುದರಿಂದ ಕೈ ಹಾಕಲು ಸಲೀಸು. ಆದರೆ ಜೋರಾಗಿ ಒತ್ತಿದರೆ ಸಿ ಬಾಯಿ ತೆರೆಯಲು ನೋಡುತ್ತದೆ. ಕಣ್ಣಿಗೆ ಕಾಣದಷ್ಟು. ತೋಟೆಯ ಅಳತೆಗೆ ಅಷ್ಟೂ ಜಾಸ್ತಿಯೇ. ಅದಕ್ಕೇ ಮುಂದೆ 'ಓ' ಆಕಾರದ ಚೌಕಟ್ಟು ಬಂತು.

ಹೆಸರುಗಳ ಪಟ್ಟಿ ಹಾಕುತ್ತಾ ಕೂರುವುದಿಲ್ಲ. ಎರಡು ಮಾತ್ರ ಹೇಳಿಬಿಡುತ್ತೇನೆ. ಸ್ಯಾನ್ ಡಿಯಾಗೋದ ಸ್ಟಾರ್ ಮೆಷಿನ್ ವರ್ಕ್ಸ್‌ನವರದ್ದು ಒಂದು ಪ್ರೋಗ್ರೆಸ್ಸಿವ್ ಪ್ರೆಸ್ಸು. ತೋಟೆಗಳು ಸುತ್ತ ನಿಂತಿರುತ್ತವೆ. ಒಂದು ಸಲ ಹಿಡಿ ಎಳೆದರೆ ಒಂದನ್ನು ಹಿಂಡಿ, ಇನ್ನೊಂದಕ್ಕೆ ಮದ್ದು ಸುರಿದು, ಮತ್ತೊಂದಕ್ಕೆ ಗುಂಡು ಕೂರಿಸಿರುತ್ತದೆ. ನಾನು ಕಾರಿನ ಬಾಗಿಲ ಬ್ರಾಕೆಟ್ಟಿಗೆ ಮಾಡುತ್ತಿದ್ದ ಪ್ರೋಗ್ರೆಸ್ಸಿವ್ ಡೈಯ ತರ್ಕವೂ ಇದೇ. ನನಗೆ 200 ಟನ್ನಿನ ಪವರ್ ಪ್ರೆಸ್ ಇತ್ತು, ಅವರಿಗೆ ಒಂದು ತೋಳು.

ಇನ್ನೊಬ್ಬ ಫ್ರೆಡ್ ಹಂಟಿಂಗ್ಟನ್. ಕ್ಯಾಲಿಫೋರ್ನಿಯಾದ ಓರೋವಿಲ್‌ನಲ್ಲಿ ಅವರಪ್ಪನ ಲಾಂಡ್ರಿ ಅಂಗಡಿ. ಎರಡನೇ ಮಹಾಯುದ್ಧದ ಕಾಲ, 1943. ಒಳ್ಳೇ ಗುಂಡು ಪೇಟೆಯಲ್ಲಿ ಸಿಗುತ್ತಿಲ್ಲ. ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಕೂತು ಈತ ಒಂದು ಡೈ ಮಾಡಿದ. ಪಾಯಿಂಟ್ 22 ಬಂದೂಕಿನ ಖಾಲಿ ಕೋಶಗಳು ಎಲ್ಲೆಂದರಲ್ಲಿ ಬಿದ್ದಿರುತ್ತಿದ್ದವು. ಅವನ್ನೇ ಗುಂಡಿನ ಹೊರಕವಚವಾಗಿ ಒತ್ತುವ ಡೈ ಅದು. ರಾಕ್ ಚಕ್ ಅಂದರೆ ಅಲ್ಲಿನ ಒಂದು ದಪ್ಪ ಅಳಿಲಿನ ಜಾತಿಯ ಪ್ರಾಣಿ. ಅದನ್ನು ಹೊಡೆಯುವ ಗುಂಡಾದ್ದರಿಂದ ಡೈಗೆ 'ರಾಕ್ ಚಕ್ ಬುಲೆಟ್ ಸ್ವೇಜ್' ಅಂತ ಹೆಸರು. ಮೊದಲಕ್ಷರ ಸೇರಿಸಿ ಆರ್‌ಸಿಬಿಎಸ್. ಅವರ ಹಸಿರು ಪ್ರೆಸ್ಸುಗಳು ಇವತ್ತಿಗೂ ಲೋಕಪ್ರಸಿದ್ಧ. ಇಸ್ತ್ರಿ ಅಂಗಡಿಯ ಹಿಂದೆ ಒಂದು ಟೂಲ್ ರೂಮ್! ಭೋಸರಿಯ ತಗಡಿನ ಶೆಡ್ಡುಗಳನ್ನು ನೋಡಿದ ನನಗೆ ಇದು ಮಾತ್ರ ಆಶ್ಚರ್ಯ ಅನ್ನಿಸಲಿಲ್ಲ.

ಪೆಟ್ಟಿಗೆಯಲ್ಲಿ ಬರುವ ಲೀ ಲೋಡರ್ ಅಂತ ಇನ್ನೊಂದಿದೆ, 1958ರದ್ದು. ಪ್ರೆಸ್ಸೇ ಬೇಡ, ಸುತ್ತಿಗೆಯಲ್ಲಿ ಬಡಿದರೆ ಆಯಿತು. ಅಗ್ಗ, ಜಾಣತನದ್ದು. ನನಗೆ ಮಾತ್ರ ಅಷ್ಟಕ್ಕಷ್ಟೇ. ಲಿವರ್ ಇಲ್ಲದ ಮೇಲೆ ಮಜಾ ಏನು?

ಲಿವರಿನ ಮಜಾ ಅಂದರೆ ಹೀಗೆ. ತಲೆ ಮೇಲೆ ಅಕ್ಕಿ ಮೂಟೆ ಹೊತ್ತವನನ್ನು ನೋಡಿ. ಮಂಡಿ ಬಾಗಿದ್ದಾಗ ಕಾಲು ನಡುಗುತ್ತದೆ. ಮಂಡಿ ನೆಟ್ಟಗಾಗುತ್ತಾ ಬಂದ ಹಾಗೆ ಅದೇ ಮೂಟೆ ಹಗುರ. ಈ ಪ್ರೆಸ್ಸುಗಳ ಕೀಲು ಅದೇ ಮಂಡಿ. ಹಿಡಿ ಎಳೆದ ಮೊದಲಲ್ಲಿ ಮಂಡಿ ಬಾಗಿರುತ್ತದೆ, ತೋಟೆಯನ್ನು ಹೊತ್ತ ದಂಡ, ಅದಕ್ಕೆ ರಾಮ್ ಅಂತಾರೆ, ಬೇಗ ಮೇಲೇರುತ್ತದೆ, ಬಲ ಕಮ್ಮಿ. ಕೊನೆಯ ಒಂದು ಬೆರಳಿನಷ್ಟು ದೂರದಲ್ಲಿ ಮಂಡಿ ನೇರವಾಗುತ್ತದೆ, ಬಲ ಹತ್ತಾರು ಪಟ್ಟು. ಹಿತ್ತಾಳೆ ಪೂರ್ತಿ ಡೈಯೊಳಗೆ ಹೋಗಿ ಬಿಗಿಯಾಗುವುದೂ ಆ ಕೊನೆಯ ಬೆರಳಿನಲ್ಲೇ. ಎಲ್ಲಿ ಬೇಕೋ ಅಲ್ಲೇ ಬಲ. ಮೋಟಾರಿಲ್ಲ, ಎಣ್ಣೆ ಪಂಪಿಲ್ಲ. ಒಂದು ಬೀಡಿನ, ಅಂದರೆ ಎರಕದ ಕಬ್ಬಿಣದ ಗಟ್ಟಿ, ನಾಲ್ಕು ಪಿನ್ನು.

ಇದನ್ನು ನಾನು ಫೋಟೋ ನೋಡಿ ಹೇಳುತ್ತಿಲ್ಲ. ಕೆಲ ವರ್ಷದ ಹಿಂದೆ ಓಹಾಯೋದಲ್ಲಿರುವ ಮಗನ ಮನೆಗೆ ಹೋಗಿದ್ದೆ. ಪಕ್ಕದ ಮನೆಯ ಮುದುಕರ ಗ್ಯಾರೇಜಿನಲ್ಲಿ ಆರ್‌ಸಿಬಿಎಸ್‌ನವರ ಹಸಿರು ರಾಕ್ ಚಕರ್ ಪ್ರೆಸ್ಸು ಕಂಡಿತು. ಓ ಆಕಾರದ್ದು, ಹಿಡಿಯ ಬಣ್ಣ ಸವೆದು ಬೆಳ್ಳಿಯಂತಾಗಿತ್ತು. ನಾನು ಬೇಲಿಯ ಆಚೆಯಿಂದಲೇ ಬಾಯಿ ಬಿಟ್ಟು ನೋಡುತ್ತಿದ್ದದ್ದನ್ನು ಕಂಡು ಕರೆದರು. ಒಂದು ಖಾಲಿ ತೋಟೆ ಕೈಗಿತ್ತು "ಎಳೆಯಿರಿ" ಅಂದರು.

ಎಳೆಯುವ ಮುಂಚೆ ತೋಟೆಗೆ ತೆಳ್ಳಗೆ ಎಣ್ಣೆ ಸವರಬೇಕು. ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಹಿತ್ತಾಳೆ ಒತ್ತುವವನಿಗೆ ಇದು ಮೊದಲ ಪಾಠ. ಖುಷಿಯಲ್ಲಿ ಮರೆತೆ. ಅರ್ಧ ದಾರಿಯಲ್ಲಿ ಹಿಡಿ ಬಿಗಿಯಾಯಿತು. ಕೈಗೆ ಗೊತ್ತಾಯಿತು, ಸ್ವಲ್ಪ ಜಾಸ್ತಿ ಬಿಗಿ. ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಮಂಡಿ ನೇರವಾಯಿತು, ತೋಟೆ ಒಳಗೆ ಹೋಯಿತು. ವಾಪಸ್ ಎಳೆದರೆ ಕರ್ರ್ ಅಂತ ಶಬ್ದ. ರಾಮ್ ಕೆಳಗೆ ಬಂತು, ಅದರ ಜೊತೆ ತೋಟೆಯ ತಳದ ಅಂಚಿನ ಒಂದು ಚೂರು ಮಾತ್ರ ಬಂತು. ಉಳಿದದ್ದು ಡೈಯೊಳಗೆ ಕಚ್ಚಿಕೊಂಡು ಕೂತಿತ್ತು.

34 ವರ್ಷದ ಟೂಲ್ ರೂಮಿನ ಮಾನ ಒಂದೇ ಎಳೆತಕ್ಕೆ ಹೋಯಿತು. ಮುದುಕರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಅದಕ್ಕಂತಲೇ ಅವರ ಹತ್ತಿರ ಒಂದು ಡಬ್ಬಿ ಇತ್ತು, ಡ್ರಿಲ್ಲು, ತೂತಿನೊಳಗೆ ಥ್ರೆಡ್ಡು ಕೊರೆಯುವ ಟ್ಯಾಪು, ಒಂದು ಬೋಲ್ಟು. ತಳಕ್ಕೆ ತೂತು ಕೊರೆದು, ಟ್ಯಾಪ್ ಹೊಡೆದು, ಬೋಲ್ಟು ತಿರುಗಿಸಿ ತೋಟೆಯನ್ನು ಹೊರಗೆಳೆದೆವು. ಆ ಕೆಲಸವನ್ನು ನಾನೇ ಮಾಡಿದೆ, ಮಾನ ಸ್ವಲ್ಪ ವಾಪಸ್ ಬಂತು. ಎರಡನೇ ತೋಟೆಗೆ ಎಣ್ಣೆ ಸವರಿದೆ. ಬೆಣ್ಣೆಗೆ ಬೆರಳಿಟ್ಟ ಹಾಗೆ ಹೋಯಿತು. ಕೊನೆಯಲ್ಲಿ ಹಿತ್ತಾಳೆ ಬಗ್ಗಿದ್ದು, ಕೇಪು ಉದುರಿದ್ದು, ಎರಡೂ ಅಂಗೈಗೆ ಬೇರೆ ಬೇರೆಯಾಗಿ ತಿಳಿದವು.

ಹೊರಡುವಾಗ ಆ ಡೈಯನ್ನು ಬಿಚ್ಚಿ ತೋರಿಸಿದರು. ಪ್ರೆಸ್ಸು ಐವತ್ತು ವರ್ಷ ಹಳೆಯದು, ಡೈ ಹಿಂದಿನ ತಿಂಗಳು ಕೊಂಡದ್ದು, ಅದೂ ಬೇರೆ ಕಂಪನಿಯದ್ದು. ಥ್ರೆಡ್ಡಿಗೆ ಥ್ರೆಡ್ಡು ಸರಿಯಾಗಿ ಕೂರುತ್ತದೆ. ಇಂಚಿನ ಎಂಟರಲ್ಲಿ ಏಳು ಭಾಗ ದಪ್ಪ, ಇಂಚಿಗೆ 14 ಸುತ್ತು. ಸುಮಾರು 22.2 ಮಿಲಿಮೀಟರ್. ಭೋಸರಿಯ ಹುಡುಗರ ಮರಾಠಿಯಲ್ಲಿ ಹೇಳುವುದಾದರೆ ಆಟೆ ಒಂದೇ. ತೋಟೆ ಹಿಡಿಯುವ ಕೆಳಗಿನ ಹೋಲ್ಡರಿನಲ್ಲಿ ಹಳೇ ಕಂಪನಿಗಳು ತಮ್ಮ ತಮ್ಮ ಹಟ ಸಾಧಿಸಿವೆ, ಒಬ್ಬರದ್ದು ಇನ್ನೊಬ್ಬರಿಗೆ ಕೂರುತ್ತಿರಲಿಲ್ಲ. ಆದರೆ ಡೈಯ ಥ್ರೆಡ್ಡಿಗೆ ಬಂದರೆ ಕಡುವೈರಿ ಕಂಪನಿಗಳೂ ಒಪ್ಪಿಕೊಂಡುಬಿಟ್ಟವು.

ನನ್ನ ಹುಚ್ಚಿನ ಬುಡ ಇಲ್ಲಿದೆ. ನಾನು ಮಾಡಿದ ಡೈಗಳಲ್ಲಿ ಇವತ್ತು ಕೆಲಸ ಮಾಡುತ್ತಿರುವುದು ಒಂದೂ ಇಲ್ಲ. ಕಾರಿನ ಮಾಡೆಲ್ ಬದಲಾಯಿತು, ಡೈ ಗುಜರಿಗೆ ಹೋಯಿತು. ಮೈಕ್ರಾನ್ ಲೆಕ್ಕದಲ್ಲಿ ಉಜ್ಜಿ ಮಾಡಿದ್ದನ್ನು ಕೆಜಿ ಲೆಕ್ಕದಲ್ಲಿ ತೂಗಿದ್ದನ್ನು ಕಣ್ಣಾರೆ ನೋಡಿದ್ದೇನೆ. ಅಲ್ಲಿ ಒಬ್ಬರು ಲಾಂಡ್ರಿಯ ಹಿಂದೆ ಕೂತು ಶುರು ಮಾಡಿದ ಕೆಲಸದ ಪ್ರೆಸ್ಸಿಗೆ ಅವರ ಮರಿಮಗ ಹೊಸ ಡೈ ಹಾಕಿಕೊಳ್ಳಬಹುದು. ಹೊಟ್ಟೆಕಿಚ್ಚು ಅಂತಲೇ ಅನ್ನಿ.

"ಅಷ್ಟಿದ್ದರೆ ಒಂದು ತರಿಸಿಕೊಳ್ಳಬಾರದಾ?" ಇದು ಎರಡನೇ ಪ್ರಶ್ನೆ. ಅಣ್ಣನ ಮಗ ಪ್ರತಿ ಸಲ ಅಮೆರಿಕದಿಂದ ಬರುವ ಮುಂಚೆ ಫೋನ್ ಮಾಡುತ್ತಾನೆ, "ಚಿಕ್ಕಪ್ಪ, ಸೂಟ್‌ಕೇಸಲ್ಲಿ ಹಾಕ್ಕೊಂಡು ಬರ್ಲಾ?" ಬೇಡ ಮಾರಾಯ. 1959ರ ಆಯುಧ ಕಾಯ್ದೆಯಲ್ಲಿ 'ಅಮ್ಯುನಿಷನ್' ಅಂದರೆ ಏನು ಅಂತ ಹೇಳುವಾಗಲೇ ಅದರ ಬಿಡಿ ಭಾಗ, ಅದನ್ನು ತಯಾರಿಸುವ ಯಂತ್ರ ಎರಡನ್ನೂ ಸೇರಿಸಿದ್ದಾರೆ. ಲೈಸೆನ್ಸ್ ಇಲ್ಲದೆ ಆ ಪ್ರೆಸ್ಸು ಇಟ್ಟುಕೊಂಡರೆ ನಾನು ಹಳೇ ಬೀಡಿನ ಪ್ರೇಮಿ ಅಂತ ಪೊಲೀಸರಿಗೆ ವಿವರಿಸುತ್ತಾ ಕೂರಬೇಕು. ಇಲ್ಲೇ ಖಡಕಿಯಲ್ಲಿ 1869ರಿಂದ ಸರ್ಕಾರದ ಅಮ್ಯುನಿಷನ್ ಫ್ಯಾಕ್ಟರಿ ಇದೆ. ತೋಟೆ ಮಾಡುವ ಕೆಲಸ ಅವರೇ ಮಾಡಿಕೊಳ್ಳಲಿ. ನನಗೆ ಡ್ರಾಯಿಂಗ್ ಸಾಕು.

ಪೂರ್ತಿ ಸಾಕಾಗಿಲ್ಲ ಅಂತಲೂ ಒಪ್ಪಿಕೊಳ್ಳಬೇಕು. ಒಂದು ಭಾನುವಾರ ಜುನಾ ಬಜಾರಿನಲ್ಲಿ ಗೋಣಿಯ ಮೇಲೆ ಸಿ ಆಕಾರದ ಬೀಡಿನ ಗಟ್ಟಿಯೊಂದು ಬಿದ್ದಿತ್ತು. ಲಿವರ್ ಇದೆ, ರಾಮ್ ಇದೆ, ಮೇಲೆ ಡೈ ಕೂರುವ ತೂತಿದೆ. ಎದೆ ಡವಡವ. ಬಗ್ಗಿ ತಿರುಗಿಸಿ ನೋಡಿದರೆ ಬಟನ್ ಪ್ರೆಸ್ಸು. ರವಿಕೆಯ ಬಟ್ಟೆಯನ್ನೇ ಸುತ್ತಿ ಗುಂಡಿ ಮಾಡಿಕೊಡುತ್ತಾರಲ್ಲ, ಅದು. ನಿರಾಶೆಯಾಯಿತು, ಒಂದು ಕ್ಷಣ. ಹಿಡಿ ಎಳೆದು ನೋಡಿದೆ. ಕೊನೆಯ ಬೆರಳಿನಲ್ಲಿ ಅದೇ ಬಿಗಿ. ಅಂಗಡಿಯವನು 1,200 ಅಂದ, ಚೌಕಾಸಿ ಮಾಡಿ 900ಕ್ಕೆ ತಂದೆ. ಸೀಮೆಎಣ್ಣೆಯಲ್ಲಿ ತೊಳೆದು, ಸವೆದ ಪಿನ್ನು ಬದಲಾಯಿಸಿ, ಹಸಿರು ಬಣ್ಣ ಬಳಿದೆ.

ಓಹಾಯೋದ ಆ ಹರಿದ ತೋಟೆಯನ್ನು ಮುದುಕರು ನೆನಪಿಗೆ ಅಂತ ಕೊಟ್ಟಿದ್ದರು. ವಿಮಾನದಲ್ಲಿ ತರುವ ಹಾಗಿಲ್ಲವಲ್ಲ, ಮಗನ ಮನೆಯ ಪೆನ್ ಸ್ಟ್ಯಾಂಡಿನಲ್ಲೇ ಇದೆ. ವಿಡಿಯೋ ಕಾಲ್ ಮಾಡಿದಾಗೆಲ್ಲ ಮೊಮ್ಮಗಳು ಅದನ್ನು ಬಾಯಿಗಿಟ್ಟು ಊದಲು ನೋಡುತ್ತಾಳೆ. ತಳದಲ್ಲಿ ನಾನೇ ಟ್ಯಾಪ್ ಹೊಡೆದ ತೂತಿದೆ, ಹಾಗಾಗಿ ಸೀಟಿ ಬರುವುದಿಲ್ಲ. ಇತ್ತ ಹಸಿರು ಪ್ರೆಸ್ಸಿನಲ್ಲಿ ಈ ವಾರ ಹೆಂಡತಿಯ ರವಿಕೆಗೆ ಆರು ಗುಂಡಿ ಒತ್ತಿದೆ. ಒಂದು ಸೊಟ್ಟಗಾಯಿತು.