ರಿಸಾಲ್ದಾರ್ ಮೇಷ್ಟ್ರ ಐದು ಅಂಕ

ಶಾಲೆಯಲ್ಲಿ ನಮಗೆ ಕುದುರೆ ಸವಾರಿ ಕಲಿಸಿದ ರಿಸಾಲ್ದಾರ್ ಮೇಷ್ಟ್ರು ಹೋದರು ಅಂತ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂತು. ತೊಂಬತ್ತು ದಾಟಿತ್ತು, ಹೆಚ್ಚು ನರಳಲಿಲ್ಲವಂತೆ. ಸಂಜೆಯವರೆಗೂ ಮೆಸೇಜುಗಳು ಬರುತ್ತಲೇ ಇದ್ದವು. ಒಂದರಲ್ಲೂ ಪಾಠದ ಮಾತಿಲ್ಲ, ಪರೀಕ್ಷೆಯ ಮಾತಿಲ್ಲ. ಬರೀ ಕುದುರೆ. ಆಮೇಲೆ ಶಾಲಾ ಪತ್ರಿಕೆಯವರು ಫೋನ್ ಮಾಡಿ, 'ಸಾರ್, ನೀವೇ ಬರೀಬೇಕು' ಅಂದರು. ಅದೂ ಸರಿಯೇ. ಅವರ ಶಿಷ್ಯರಲ್ಲಿ ಕುದುರೆಯಿಂದಲೇ ಹೊಟ್ಟೆ ಹೊರೆದುಕೊಂಡವನು ನಾನೊಬ್ಬನೇ. ಪಶುವೈದ್ಯನಾಗಿ ರಿಟೈರ್ ಆಗುವವರೆಗೂ, ಒದೆಯುವ ಕುದುರೆ ಎಲ್ಲೇ ಇದ್ದರೂ 'ಅವರನ್ನೇ ಕರೀರಿ' ಅನ್ನುತ್ತಿದ್ದರು. ಜಂಬ ಅಂದುಕೊಳ್ಳಬೇಡಿ, ಇಲಾಖೆಯಲ್ಲಿ ಯಾರನ್ನು ಬೇಕಾದರೂ ಕೇಳಿ.

ಈಗಿನ ಮಕ್ಕಳು ನಂಬುವುದಿಲ್ಲ. ಇವತ್ತು ಸ್ಕೂಲ್ ಬಸ್ಸುಗಳು ಸಾಲಾಗಿ ನಿಲ್ಲುತ್ತವಲ್ಲ, ಅಲ್ಲಿ ನಮ್ಮ ಕಾಲದಲ್ಲಿ ಲಾಯ ಇತ್ತು. ರೇಸಿನಲ್ಲಿ ಓಡಿ ಸಾಕಾದ ಕುದುರೆಗಳನ್ನು ತಂದು ಕಟ್ಟಿದ್ದರು. ಮಧ್ಯಾಹ್ನದ ಪೀರಿಯಡ್ಡಿನಲ್ಲಿ ಬೇಯಿಸಿದ ಹುರುಳಿಯ ವಾಸನೆ ಕಿಟಕಿಯಿಂದ ಬಂದು ನಮ್ಮ ಹೊಟ್ಟೆಯನ್ನೂ ಚುರುಗುಟ್ಟಿಸುತ್ತಿತ್ತು.

ಮೇಷ್ಟ್ರು ಹುಡುಗರಾಗಿದ್ದಾಗ ಮೈಸೂರು ಲ್ಯಾನ್ಸರ್ಸ್, ಅಂದರೆ ಸಂಸ್ಥಾನದ ಭರ್ಜಿ ಹಿಡಿದ ಕುದುರೆ ಪಡೆ, ಸೇರಿದವರು. 1953ರಲ್ಲಿ ಸಂಸ್ಥಾನಗಳ ಕುದುರೆ ಪಡೆಗಳನ್ನೆಲ್ಲ ಒಟ್ಟು ಮಾಡಿ 61ನೇ ಕ್ಯಾವಲ್ರಿ ಕಟ್ಟಿದಾಗ ಇವರೂ ಜೈಪುರಕ್ಕೆ ಹೋದರು. ರಿಸಾಲ್ದಾರ್, ಅಂದರೆ ಕುದುರೆ ಪಡೆಯ ಅಧಿಕಾರಿ, ಆಗಿ ನಿವೃತ್ತಿಯಾಗಿ ಮೈಸೂರಿಗೆ ಬಂದು ನಮ್ಮ ಶಾಲೆ ಸೇರಿಕೊಂಡರು. ಮನೆಯಲ್ಲಿ ಹಳೇ ಮೈಸೂರಿನ ಕನ್ನಡ, ಮೈದಾನದಲ್ಲಿ ಫೌಜಿನ ಹಿಂದೂಸ್ತಾನಿ. 'ಏಡಿ ನೀಚೆ! ನಜರ್ ಊಪರ್!' (ಹಿಮ್ಮಡಿ ಕೆಳಗೆ, ನೋಟ ಮೇಲೆ) ಎಂದು ಅವರು ಕೂಗಿದರೆ ಪಕ್ಕದ ರಸ್ತೆಯ ಸೈಕಲ್ಲಿನವರೂ ನೆಟ್ಟಗೆ ಕೂರುತ್ತಿದ್ದರು. ಬೈಯುವಾಗ ಮಾತ್ರ ಅಚ್ಚ ಕನ್ನಡ. 'ಲೋ, ಅದು ಕುದುರೆ ಕಣೋ, ನಿಮ್ಮಪ್ಪನ ಸ್ಕೂಟರ್ ಅಲ್ಲ.'

ಅವರ ತಂದೆ ಮೊದಲ ಮಹಾಯುದ್ಧದಲ್ಲಿ, ಈಗಿನ ಇಸ್ರೇಲಿನ ಹೈಫಾ ಊರಿನಲ್ಲಿ ಕಾದಿದ್ದ ಸವಾರರು. ನಮ್ಮ ಚರಿತ್ರೆ ಪುಸ್ತಕದಲ್ಲಿ ಮೊದಲ ಮಹಾಯುದ್ಧಕ್ಕೆ ಒಂದೂವರೆ ಪುಟ ಇತ್ತು. ಅದರಲ್ಲಿ ಮೈಸೂರಿನ ಹೆಸರೇ ಇಲ್ಲ. ಹಾಗಾಗಿ ವರ್ಷಕ್ಕೊಮ್ಮೆ ಚರಿತ್ರೆ ಮೇಷ್ಟ್ರು ತಮ್ಮ ಪೀರಿಯಡ್ ಬಿಟ್ಟುಕೊಟ್ಟು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ರಿಸಾಲ್ದಾರ್ ಮೇಷ್ಟ್ರು ಬೂಟುಗಾಲಿನಲ್ಲೇ ಬಂದು ಬೋರ್ಡಿನ ಮೇಲೆ ಒಂದು ಕಡೆ ಬೆಟ್ಟ ಬರೆಯುತ್ತಿದ್ದರು, ಕಾರ್ಮೆಲ್. ಇನ್ನೊಂದು ಕಡೆ ಕೆಸರಿನ ಹೊಳೆ. ನಡುವೆ ಊರಿಗೆ ಹೋಗುವ ಕಿರಿದಾದ ದಾರಿ. ಬೆಟ್ಟದ ಮೇಲೆ ತುರ್ಕರ ಕಡೆಯ ಫಿರಂಗಿ, ದಾರಿಯ ಉದ್ದಕ್ಕೂ ಮೆಷಿನ್ ಗನ್ನು. 'ಇಲ್ಲಿಂದ ಹೋಗಬೇಕು. ಕೈಯಲ್ಲಿರೋದು ಭರ್ಜಿ. ಹ್ಯಾಗೆ ಹೋಗ್ತೀಯೋ, ಹೇಳು' ಎಂದು ಮುಂದಿನ ಬೆಂಚಿನವನನ್ನು ಕೇಳುತ್ತಿದ್ದರು. ಅವನು ಕಣ್ಣು ಬಿಡುತ್ತಿದ್ದ.

1918ರ ಸೆಪ್ಟೆಂಬರ್ 23. ಮೈಸೂರಿನ ಒಂದು ಸ್ಕ್ವಾಡ್ರನ್ ಬೆಟ್ಟ ಹತ್ತಿ ಮೇಲಿನ ಫಿರಂಗಿಗಳ ಮೇಲೆ ಬಿತ್ತು. ಕೆಳಗೆ ಜೋಧಪುರದ ಸವಾರರು ಹೊಳೆ ದಾಟಲು ನೋಡಿದರೆ ಮುಂದೆ ಹೋದ ಕುದುರೆಗಳು ಉಸುಬಿನಲ್ಲಿ ಹೂತುಹೋದವು. ಎಡಕ್ಕೆ ತಿರುಗಿ ಬೆಟ್ಟದ ಬುಡದಲ್ಲೇ ನುಗ್ಗಿದರು. ಅವರ ಮೇಜರ್ ದಲಪತ್ ಸಿಂಗ್ ಅಲ್ಲೇ ಬಿದ್ದರು. ಸಂಜೆಯೊಳಗೆ ಊರು ಕೈಗೆ ಬಂತು, ಸೆರೆ ಸಿಕ್ಕವರು 1350. ಇಷ್ಟು ಹೇಳಿ ಮೇಷ್ಟ್ರು ಚಾಕ್‌ಪೀಸು ಕೆಳಗಿಟ್ಟು, 'ಸತ್ತವರು ಎಷ್ಟು?' ಎಂದು ಕೇಳುತ್ತಿದ್ದರು. ಎಂಟು ಜನ ಅಂದರೆ ಸುಮ್ಮನೆ ನಿಂತೇ ಇರುತ್ತಿದ್ದರು. ಅದು ಅರ್ಧ ಉತ್ತರ. 'ಎಂಟು ಜನ, 60 ಕುದುರೆ ಸಾರ್. ಗಾಯವಾದ ಕುದುರೆ 83' ಎಂದು ಪೂರ್ತಿ ಹೇಳಿದ ಮೇಲೇ ಕೂರುವ ಅಪ್ಪಣೆ. ಪೈಥಾಗೊರಸ್ ಪ್ರಮೇಯ ಮರೆತಿದ್ದೇನೆ. ಈ ಲೆಕ್ಕ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ.

ಆ ದಿನದ ನೆನಪಿಗೇ ಸೆಪ್ಟೆಂಬರ್ 23ರಂದು ಶಾಲೆಯಲ್ಲಿ ಕುದುರೆ ಸ್ಪರ್ಧೆ. ಚಿಕ್ಕವರಿಗೆ ಕಂಬಗಳ ನಡುವೆ ಹಾವಿನ ಹಾಗೆ ಟ್ರಾಟ್, ಅಂದರೆ ಹದವಾದ ಓಟ. ದೊಡ್ಡವರಿಗೆ ಟೆಂಟ್ ಪೆಗ್ಗಿಂಗ್. ದಸರೆಯ ಪಂಜಿನ ಕವಾಯತಿನಲ್ಲಿ ಬನ್ನಿಮಂಟಪದಲ್ಲಿ ಪೊಲೀಸಿನವರು ಮಾಡುತ್ತಾರಲ್ಲ, ಅದೇ. ನೆಲದಲ್ಲಿ ಹುಗಿದ ಮರದ ಗೂಟವನ್ನು ಓಡುವ ಕುದುರೆಯ ಮೇಲಿಂದ ಭರ್ಜಿಯಲ್ಲಿ ಚುಚ್ಚಿ ಎತ್ತಿಕೊಂಡು ಹೋಗಬೇಕು. ಎತ್ತಿದರೆ ಆರು ಅಂಕ. ಇಷ್ಟು ಎಲ್ಲ ಕಡೆ ಇರುವ ನಿಯಮವೇ. ನಮ್ಮ ಮೇಷ್ಟ್ರು ಇದರ ಮೇಲೆ ತಮ್ಮದೊಂದು ಐದು ಅಂಕ ಸೇರಿಸಿದ್ದರು. ಅದು ಕುದುರೆಯಿಂದ ಇಳಿದ ಮೇಲೆ. ಮೊದಲು ಜೀನಿನ ಪಟ್ಟಿ ಸಡಿಲ ಮಾಡಬೇಕು. ನಾಲ್ಕೂ ಕಾಲು ಮುಟ್ಟಿ ನೋಡಬೇಕು. ಸ್ವಲ್ಪ ನಡೆಸಿ, ಮೈ ಆರಿಸಿ, ನೀರು ಕುಡಿಸಬೇಕು. ಆಮೇಲೆ ಬೇಕಾದರೆ ಅಪ್ಪ ಅಮ್ಮನ ಹತ್ತಿರ ಹೋಗಿ ಬೆನ್ನು ತಟ್ಟಿಸಿಕೋ. ಗೂಟ ಎತ್ತಿದ ಖುಷಿಗೆ ಲಗಾಮನ್ನು ಕುದುರೆ ನೋಡಿಕೊಳ್ಳುವ ಸೈಸನ ಕೈಗೆಸೆದು ಓಡಿದವನಿಗೆ ಐದೂ ಅಂಕ ಗೋತಾ.

ನಾವು ಒಂಬತ್ತನೇ ಕ್ಲಾಸಿನಲ್ಲಿದ್ದ ವರ್ಷದ ಕಥೆ ಹೇಳದೆ ಬಿಟ್ಟರೆ ಗೆಳೆಯರು ನನ್ನನ್ನು ಗುಂಪಿನಿಂದ ತೆಗೆದುಹಾಕುತ್ತಾರೆ. ಹತ್ತನೇ ಕ್ಲಾಸಿನ ಕ್ಯಾಪ್ಟನ್ ಒಬ್ಬನಿದ್ದ. ಒಳ್ಳೇ ಸವಾರ, ವಿಪರೀತ ಧಿಮಾಕು. ಅವನ ಪಾಲಿಗೆ ಬಂದದ್ದು ಜಮುನಾ ಎಂಬ ಕೆಂದು ಕುದುರೆ. ಓಟದಲ್ಲಿ ಅದನ್ನು ಮೀರಿಸುವುದು ಇರಲಿಲ್ಲ, ತಿನ್ನುವುದರಲ್ಲೂ. ನಾವು ಮೂವರು ಸಂಜೆ ಹೊತ್ತು ಅದನ್ನು ಅಡ್ಡಾಡಿಸುವ ನೆಪದಲ್ಲಿ ಸ್ಪರ್ಧೆಯ ಓಟದ ಪಟ್ಟಿಯ ಮೇಲೆ ಕರೆದುಕೊಂಡು ಹೋಗಿ, ಗೂಟಕ್ಕೆ ಹತ್ತು ಹೆಜ್ಜೆ ಈಚೆಗಿನ ಹೊಂಗೆ ಮರದ ಹತ್ತಿರ ನಿಲ್ಲಿಸಿ ಬೆಲ್ಲ ಕೊಡುತ್ತಿದ್ದೆವು. ಮಂಡ್ಯದ ಅಚ್ಚು ಬೆಲ್ಲ, ನನ್ನ ಅಜ್ಜಿಯ ಡಬ್ಬಿಯದು. ದಿನಾ ಅದೇ ಮರ, ಅದೇ ಬೆಲ್ಲ.

ಸ್ಪರ್ಧೆಯ ದಿನ ಕ್ಯಾಪ್ಟನ್ ಭರ್ಜಿ ಇಳಿಸಿಕೊಂಡು ಬಂದ ಚೆಂದ ನೋಡಬೇಕಿತ್ತು. ಮುಖ್ಯ ಅತಿಥಿಗಳು ಕುರ್ಚಿಯಿಂದ ಎದ್ದೇ ಬಿಟ್ಟರು. ಹೊಂಗೆ ಮರ ಬಂತು. ಜಮುನಾ ನಿಂತುಬಿಟ್ಟಿತು. ಸವಾರ ಮಾತ್ರ ನಿಲ್ಲಲಿಲ್ಲ, ಕುತ್ತಿಗೆಯ ಮೇಲಿಂದ ಜಾರಿ ಹುಲ್ಲಿನ ಮೇಲೆ ಹೋಗಿ ಕೂತ. ನಾವು ನಗು ತಡೆದುಕೊಳ್ಳುವಷ್ಟರಲ್ಲಿ ಆ ಹಾಳು ಕುದುರೆ ಸೀದಾ ನಮ್ಮ ಹತ್ತಿರ ಬಂತು. ಇಡೀ ಶಾಲೆ ನೋಡುತ್ತಿದ್ದ ಹಾಗೇ ನನ್ನ ಚಡ್ಡಿ ಜೇಬಿಗೆ ಮೂತಿ ಹಾಕಿತು.

ಅಷ್ಟರಲ್ಲಿ ಕ್ಯಾಪ್ಟನ್ ಎದ್ದು ಬಂದ. ನನಗೆ ಬಾರಿಸುತ್ತಾನೆ ಅಂದುಕೊಂಡೆ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಬಗ್ಗಿ ಜಮುನಾಳ ಮುಂಗಾಲು ಎರಡನ್ನೂ ಸವರಿ ನೋಡಿದ, ಗೊರಸು ಎತ್ತಿ ನೋಡಿದ, ಪಟ್ಟಿ ಸಡಿಲಿಸಿ ನಡೆಸಿಕೊಂಡು ನೀರಿನ ತೊಟ್ಟಿಗೆ ಹೋದ. ಅವತ್ತು ನಾನು ಗೂಟ ಎತ್ತಿದ್ದೆ, ಅದೂ ನಟ್ಟನಡುವೆ ಚುಚ್ಚಿ. ಆದರೂ ಮೇಷ್ಟ್ರು ಕಪ್ಪು ಕೊಟ್ಟದ್ದು ಅವನಿಗೇ. ಇದು ಯಾವ ನ್ಯಾಯ ಅಂತ ಇವತ್ತಿಗೂ ನನ್ನ ತಕರಾರು ಇದೆ.

ನಮಗೆ ಏಟು ಬೀಳಲಿಲ್ಲ. 'ಹೈಫಾದಲ್ಲಿ ಸತ್ತ ಕುದುರೆ ಎಷ್ಟೋ?' '60 ಸಾರ್.' 'ಅಷ್ಟು ಗೂಟ ಕೆತ್ತಿ ತನ್ನಿ.' ಈಚಲು ಮರದ ತುಂಡು ಕೊಟ್ಟು ಹೋದರು. ಕೆತ್ತಿದವರ ಕೈ ಹೇಗಿತ್ತು ಎಂದು ಕೆತ್ತಿದವರಿಗೇ ಗೊತ್ತು.

ಹೋದ ವರ್ಷ ಮಗಳ ಮನೆಗೆ ಆಸ್ಟ್ರೇಲಿಯಾಕ್ಕೆ ಹೋಗಿದ್ದೆ, ಟ್ಯಾಮ್‌ವರ್ತ್ ಕಡೆ. ಮೊಮ್ಮಗಳು ಅಲ್ಲಿನ ಪೋನಿ ಕ್ಲಬ್ಬಿನಲ್ಲಿದ್ದಾಳೆ. ಅವರಲ್ಲೂ ಲೈಟ್ ಹಾರ್ಸ್ ಎಂಬ ತಮ್ಮ ಕುದುರೆ ಪಡೆಯ ಸೈನಿಕರ ನೆನಪಿಗೆ ಮಕ್ಕಳ ಸ್ಪರ್ಧೆ ಇಟ್ಟಿದ್ದರು. ಟೋಪಿಗೆ ಎಮು ಗರಿ ಸಿಕ್ಕಿಸಿಕೊಂಡ ಪುಟ್ಟ ಮಕ್ಕಳು, ಅದೇ ಕಂಬಗಳ ನಡುವಿನ ಓಟ. ಶುರುವಿಗೆ ಮುಂಚೆ ಒಬ್ಬರು ಮೈಕಿನಲ್ಲಿ ಈಗಿನ ಇಸ್ರೇಲಿನಲ್ಲಿರುವ ಬೀರ್‌ಶೇಬಾದ ಕಥೆ ಹೇಳಿದರು. 1917ರ ಅಕ್ಟೋಬರ್ 31, ಹೊತ್ತು ಮುಳುಗುವ ಸಮಯ, ನೀರಿಲ್ಲದೆ ಬಳಲಿದ ಕುದುರೆಗಳು, ಕೈಯಲ್ಲಿ ಬರೀ ಬಯೊನೆಟ್ಟು ಹಿಡಿದು ನುಗ್ಗಿ ಬಾವಿಗಳಿದ್ದ ಊರನ್ನು ಹಿಡಿದದ್ದು. ಆ ಮಹಾಯುದ್ಧಕ್ಕೆಂದು ಆಸ್ಟ್ರೇಲಿಯಾದಿಂದ ಹೊರಟ ಸುಮಾರು 1,36,000 ಕುದುರೆಗಳಲ್ಲಿ ವಾಪಸ್ಸು ಬಂದದ್ದು ಒಂದೇ ಒಂದು, ಸ್ಯಾಂಡಿ ಅಂತ ಹೆಸರು. ಅದನ್ನು ಕೇಳಿ ಪಕ್ಕದಲ್ಲಿದ್ದ ತೀರ್ಪುಗಾರ್ತಿಗೆ ನಾನು ಹೈಫಾದ ಕಥೆ ಹೇಳಿದೆ. ಅದೇ ಬ್ರಿಟಿಷ್ ಜನರಲ್ ಅಲೆನ್ಬಿಯ ಸೈನ್ಯ, ಹನ್ನೊಂದು ತಿಂಗಳಷ್ಟೇ ಅಂತರ. ಆಕೆಗೆ ಮೈಸೂರು ಗೊತ್ತಿರಲಿಲ್ಲ. ಮೇಷ್ಟ್ರ ಐದು ಅಂಕದ ವಿಷಯ ಮಾತ್ರ ಪುಸ್ತಕ ತೆಗೆದು ಬರೆದುಕೊಂಡರು.

ನಮ್ಮಲ್ಲಿ ಹೇಗಿದೆ ನೋಡಿ. ದೆಹಲಿಯ ತೀನ್ ಮೂರ್ತಿ ಚೌಕದ ಪ್ರತಿಮೆಯ ಮೂವರು ಸವಾರರಲ್ಲಿ ಒಬ್ಬ ಮೈಸೂರಿನವನು. 2018ರಲ್ಲಿ ಆ ಚೌಕಕ್ಕೆ ಹೈಫಾದ ಹೆಸರು ಸೇರಿಸಿದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಲ್ಯಾನ್ಸರ್ಸ್ ಸ್ಮಾರಕ ಇದೆ, ಎಷ್ಟು ಜನ ನಿಂತು ನೋಡುತ್ತಾರೆ? ಶಾಲೆಯಲ್ಲಿ ಈಗ ರೋಬಾಟಿಕ್ಸ್ ಲ್ಯಾಬ್ ಇದೆ. ಬೇಡ ಅನ್ನುವುದಿಲ್ಲ. ಆದರೆ ರೋಬಾಟಿಗೆ ಬಾಯಾರುವುದಿಲ್ಲ ಅಲ್ವಾ. ತನಗಿಂತ ಮೊದಲು ಇನ್ನೊಂದು ಜೀವಕ್ಕೆ ನೀರು ಕೊಟ್ಟವನಿಗೆ ಅಂಕ ಕೊಡುವ ಪರೀಕ್ಷೆ ಈಗಿನ ಟೈಮ್ ಟೇಬಲ್ಲಿನಲ್ಲಿ ಎಲ್ಲಿದೆ, ಯಾರಾದರೂ ತೋರಿಸಲಿ.

ಲಾಯ ಮತ್ತೆ ಕಟ್ಟಿ ಎಂದು ಕೇಳುವಷ್ಟು ಹುಚ್ಚು ನಮಗಿಲ್ಲ. ಮೈಸೂರಿನಲ್ಲಿ ಸವಾರಿ ಕಲಿಸುವವರು ಇದ್ದಾರೆ, ಬಾಡಿಗೆಗೆ ಕುದುರೆ ಸಿಗುತ್ತದೆ. ಸೆಪ್ಟೆಂಬರ್ 23ರಂದು ಒಂದು ದಿನದ ಮಟ್ಟಿಗೆ ಸ್ಪರ್ಧೆ ಮತ್ತೆ ಶುರುವಾಗಲಿ ಎಂದು ನಮ್ಮ ಬ್ಯಾಚಿನವರು ದುಡ್ಡು ಸೇರಿಸುತ್ತಿದ್ದೇವೆ. ಜಾಸ್ತಿ ಕೊಟ್ಟವನು ಆ ಕ್ಯಾಪ್ಟನ್ನೇ, ಧಿಮಾಕು ಇನ್ನೂ ಹಾಗೇ ಇದೆ. ಕುದುರೆಗಳ ಆರೋಗ್ಯ ನೋಡಿಕೊಳ್ಳುವುದು ನನ್ನ ಜವಾಬ್ದಾರಿ, ಫೀಸು ಬೇಡ. ನಿಯಮಗಳ ಕರಡು ಆಡಳಿತ ಮಂಡಳಿಗೆ ಹೋಗಿದೆ. ಐದು ಅಂಕದ ಕಲಮು ತೆಗೆಯೋಣ, ತೀರ್ಪು ಕೊಡೋದು ಕಷ್ಟ ಎಂದು ಒಬ್ಬರು ಆಗಲೇ ರಾಗ ಎಳೆದಿದ್ದಾರಂತೆ. ಮುಂದಿನ ಮೀಟಿಂಗಿಗೆ ನಾನೇ ಬರುತ್ತೇನೆ, ಅದನ್ನು ಹೇಗೆ ತೆಗೆಯುತ್ತಾರೋ ನೋಡೇಬಿಡೋಣ.