ಕರ್ನಲ್ ಫೈಲುಗಳ 4096 ಬೈಟ್ ಮಿತಿ: ದಾಟಿದರೆ ಏನಾಗುತ್ತದೆ?

ಲಿನಕ್ಸಿನಲ್ಲಿ ಪ್ರಾಕ್, ಸಿಸ್ ಡೈರೆಕ್ಟರಿಗಳ ಅಡಿ ಕಾಣುವ ಫೈಲುಗಳು ಡಿಸ್ಕಿನಲ್ಲಿ ಎಲ್ಲೂ ಇಲ್ಲ. ಓದಲು ಹೋದರೆ ಲಿನಕ್ಸಿನ ತಿರುಳಾದ ಕರ್ನಲ್ಲಿನ ಒಂದು ಫಂಕ್ಷನ್ ಆಗಲೇ ಉತ್ತರ ಸಿದ್ಧಮಾಡಿ ಕೊಡುತ್ತದೆ, ಬರೆದರೆ ಇನ್ನೊಂದು ಅದನ್ನು ತೆಗೆದುಕೊಳ್ಳುತ್ತದೆ. ನಡುವಿನ ಬಫರ್ ಬಹಳ ಕಡೆ ಮೆಮೊರಿಯ ಒಂದು ಪೇಜ್, ಎಕ್ಸ್86 ಯಂತ್ರದಲ್ಲಿ 4096 ಬೈಟ್. ಈ ಮಿತಿ ದಾಟಿದಾಗ ಒಂದೊಂದು ಫೈಲು ಒಂದೊಂದು ಥರ ನಡೆದುಕೊಳ್ಳುತ್ತದೆ. ಸ್ಕ್ರಿಪ್ಟ್ ಬರೆಯುವವರು ತಿಳಿದಿರಬೇಕಾದದ್ದು ಇದನ್ನೇ.

ಸಿಸ್ ಡೈರೆಕ್ಟರಿಯಲ್ಲಿ ಕಾಣುವ ಸಿಸ್‌ಎಫ್‌ಎಸ್‌ನ ಮಾಮೂಲಿ ಫೈಲಿಗೆ 5000 ಬೈಟ್ ಬರೆದಿರಿ ಎನ್ನಿ. ಕರ್ನಲ್ 4096 ಬೈಟ್ ತೆಗೆದುಕೊಂಡು ಅಷ್ಟನ್ನೇ ಬರೆದೆ ಎಂದು ಹೇಳುತ್ತದೆ, ಎರರ್ ಬರುವುದಿಲ್ಲ. ನಿಮ್ಮ ಲೈಬ್ರರಿ ಉಳಿದ 904 ಬೈಟನ್ನು ಇನ್ನೊಮ್ಮೆ ಕಳಿಸುತ್ತದೆ. ಬರೆದದ್ದನ್ನು ತೆಗೆದುಕೊಳ್ಳುವ, ಡ್ರೈವರಿನ ಸ್ಟೋರ್ ಫಂಕ್ಷನ್ನಿಗೆ ಆಫ್‌ಸೆಟ್ (ಎಷ್ಟನೇ ಬೈಟಿನಿಂದ ಎಂಬುದು) ಗೊತ್ತಿಲ್ಲವಾದ್ದರಿಂದ ಆ ಬಾಲವನ್ನೇ ಹೊಸ ಮೌಲ್ಯ ಎಂದುಕೊಳ್ಳುತ್ತದೆ. ಪ್ರೋಸೆಸ್‌ಗಳ ಗುಂಪಿಗೆ ಸಿಪಿಯು, ಮೆಮೊರಿ ಮಿತಿ ಹಾಕುವ ಸಿಗ್ರೂಪ್ ಫೈಲುಗಳೂ ಇದೇ ಅಡಿಪಾಯದ ಮೇಲೆ ನಿಂತಿವೆ, ಆದರೆ ಅಲ್ಲಿ ಪೇಜಿಗಿಂತ ದೊಡ್ಡದನ್ನು ಕೊಟ್ಟರೆ ನೇರವಾಗಿ ಇ2ಬಿಗ್ (ತೀರಾ ದೊಡ್ಡದು) ಎರರ್ ಬರುತ್ತದೆ. ನನ್ನ ಮಟ್ಟಿಗೆ ಎಲ್ಲ ಕಡೆಯೂ ಹೀಗೇ ಇರಬೇಕಿತ್ತು.

ಓದುವ ದಿಕ್ಕಿನಲ್ಲಿ ಅಪಾಯ ಇನ್ನೂ ಹೆಚ್ಚು. ಉತ್ತರ ಸಿದ್ಧಮಾಡುವ ಶೋ ಫಂಕ್ಷನ್ನಿಗೆ ಬಫರಿನ ವಿಳಾಸ ಸಿಗುತ್ತದೆ, ಅಳತೆ ಸಿಗುವುದಿಲ್ಲ. ಡ್ರೈವರ್ ಬರೆದವರು ಅಳತೆ ನೋಡದೆ ಬರೆಯುವ ಸ್ಪ್ರಿಂಟ್‌ಎಫ್ ಬಳಸಿ ಪೇಜ್ ಮೀರಿದರೆ ಪಕ್ಕದ ಮೆಮೊರಿ ಕೆಡುತ್ತದೆ. ಆಮೇಲೆ ಕರ್ನಲ್ ಲಾಗಿನಲ್ಲಿ 'ರಿಟರ್ನ್ಡ್ ಬ್ಯಾಡ್ ಕೌಂಟ್' ಎಂಬ ಸಾಲು ಕಾಣಬಹುದು, ಅಷ್ಟರಲ್ಲಿ ಹಾನಿ ಆಗಿಹೋಗಿರುತ್ತದೆ. 2021ರ ಮಾರ್ಚ್‌ನಲ್ಲಿ ಬೆಳಕಿಗೆ ಬಂದ ಸಿವಿಇ-2021-27365 ಎಂಬ ಭದ್ರತಾ ದೋಷ ಇದೇ ಜಾತಿಯದು. ನೆಟ್‌ವರ್ಕ್ ಮೂಲಕ ಡಿಸ್ಕ್ ಬಳಸಲು ಇರುವ ಐಸ್ಕಸಿ (iSCSI) ಉಪವ್ಯವಸ್ಥೆಯ ಕೆಲವು ಸ್ಟ್ರಿಂಗುಗಳನ್ನು, ಕರ್ನಲ್ ಜೊತೆ ಮಾತಾಡುವ ನೆಟ್‌ಲಿಂಕ್ ದಾರಿಯಲ್ಲಿ ಪೇಜಿಗಿಂತ ಉದ್ದವಾಗಿ ಕೊಡಲು ಸಾಧ್ಯವಿತ್ತು. ಸಿಸ್‌ಎಫ್‌ಎಸ್‌ನಿಂದ ಓದುವಾಗ ಅವು ಅಳತೆ ನೋಡದೆ ಅಚ್ಚಾಗುತ್ತಿದ್ದವು. 2006ರಿಂದಲೂ ಇದ್ದ ತಪ್ಪು ಅದು. ಕರ್ನಲ್ 5.10ರಲ್ಲಿ ಬಂದ ಸಿಸ್‌ಎಫ್‌ಎಸ್_ಎಮಿಟ್ ಫಂಕ್ಷನ್ ಒಂದು ಪೇಜ್ ಮೀರಿ ಬರೆಯುವುದೇ ಇಲ್ಲ. ಹೊಸ ಕೋಡಿನಲ್ಲಿ ಬೇರೇನನ್ನೂ ಬಳಸಬೇಡಿ.

ಕರ್ನಲ್ ಮಂದಿಗೇ ಈ ಪೇಜ್ ಸಾಲದೆ ಹೋದದ್ದುಂಟು. ಸಿಪಿಯು ಪಟ್ಟಿ ತೋರಿಸುವ ಸಿಪಿಯುಲಿಸ್ಟ್ ಫೈಲುಗಳನ್ನು ನೋಡಿ. ಸಾಲಾಗಿ ಇರುವ ಸಿಪಿಯುಗಳಾದರೆ '0-127' ಎಂದು ಮುಗಿಯುತ್ತದೆ. ಸಮಸಂಖ್ಯೆಯವು ಮಾತ್ರ ಇದ್ದರೆ '0,2,4' ಎಂದು ಒಂದೊಂದನ್ನೂ ಬರೆಯಬೇಕು, 1858ನೇ ಸಂಖ್ಯೆಯ ಸಿಪಿಯು ಹೊತ್ತಿಗೆ ಪೇಜ್ ತುಂಬಿಹೋಗುತ್ತದೆ. 8192 ಸಿಪಿಯುಗಳಿಗೆ ಹೀಗೆ ಬರೆದರೆ ಸುಮಾರು 20,000 ಬೈಟ್ ಬೇಕು. ಹಾಗಾಗಿ 5.15ರಲ್ಲಿ ಈ ಫೈಲುಗಳನ್ನು ಬೈನರಿ ಆಟ್ರಿಬ್ಯೂಟ್‌ಗೆ ಬದಲಾಯಿಸಿದರು. ಅಲ್ಲಿ ಆಫ್‌ಸೆಟ್ ಸಿಗುವುದರಿಂದ ತುಂಡುತುಂಡಾಗಿ ಓದಬಹುದು. 4096 ಬೈಟ್ ಬಫರಿಗೆ ಒಮ್ಮೆ ಮಾತ್ರ ಓದಿ ಮುಗಿಸುವ ಹಳೆಯ ಟೂಲ್‌ಗಳು ಸೊನ್ನೆ ಬೈಟ್ ಬರುವವರೆಗೂ ಓದುವಂತೆ ಬದಲಾಗಬೇಕು.

ಪ್ರಾಕ್ ಅಡಿಯಲ್ಲಿ ಕರ್ನಲ್ ಸೆಟ್ಟಿಂಗ್ ಬದಲಿಸಲು ಇರುವ ಸಿಸ್‌ಕಂಟ್ರೋಲ್ ಫೈಲುಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ಅಳತೆ. ಹೆಚ್ಚು ಕಾಡುವುದು, ಪ್ರೋಗ್ರಾಂ ಕ್ರ್ಯಾಶ್ ಆದಾಗ ಅದರ ಮೆಮೊರಿಯ ಪ್ರತಿ ಎಲ್ಲಿಗೆ ಹೋಗಬೇಕೆಂದು ಹೇಳುವ ಕೋರ್_ಪ್ಯಾಟರ್ನ್: ಮಿತಿ 128 ಬೈಟ್, ಬಳಸಲು ಸಿಗುವುದು 127 ಅಕ್ಷರ. ಉದ್ದ ಪಾತ್ ಇರುವ ಹ್ಯಾಂಡ್ಲರಿಗೆ ಪೈಪ್ ಹಾಕಿ ಕ್ರ್ಯಾಶ್ ವಿವರ ಕೇಳುವ %p ಥರದ ಏಳೆಂಟು ಶೇಕಡಾ ಚಿಹ್ನೆಗಳನ್ನು ಸೇರಿಸಿದರೆ ಕೊನೆಯವು ಸದ್ದಿಲ್ಲದೆ ಬಿದ್ದುಹೋಗುತ್ತವೆ. ಎಕೋ ಯಶಸ್ವಿಯಾಗಿಯೇ ಮುಗಿಯುತ್ತದೆ, ಕ್ರ್ಯಾಶ್ ಆದ ದಿನ ಹ್ಯಾಂಡ್ಲರಿಗೆ ಅರ್ಧ ಮಾಹಿತಿ ಮಾತ್ರ ತಲುಪುತ್ತದೆ. ಬರೆದ ಕೂಡಲೇ ಕ್ಯಾಟ್ ಮಾಡಿ, ಕೊಟ್ಟದ್ದರ ಜೊತೆ ಹೋಲಿಸುವ ಸಾಲನ್ನು ಸ್ಕ್ರಿಪ್ಟಿಗೆ ಸೇರಿಸಿ.

ಕಂಟೈನರ್‌ಗಳು ಬಳಸುವ ಯೂಸರ್ ನೇಮ್‌ಸ್ಪೇಸಿನಲ್ಲಿ, ಒಳಗಿನ ಯೂಸರ್ ಸಂಖ್ಯೆಗಳನ್ನು ಹೊರಗಿನವಕ್ಕೆ ಜೋಡಿಸುವ ಯುಐಡಿ_ಮ್ಯಾಪ್ ಫೈಲು ಇವೆಲ್ಲಕ್ಕಿಂತ ಕಟ್ಟುನಿಟ್ಟು. ಕರ್ನಲ್ 4.14ರವರೆಗೆ 5 ಸಾಲು, 4.15ರಿಂದ 340 ಸಾಲು ಬರೆಯಬಹುದು. ಆದರೆ ಒಟ್ಟು ಬರಹ ಒಂದು ಪೇಜಿಗಿಂತ ಕಡಿಮೆ ಇರಬೇಕು. '1 100000 65536' ಎಂಬ ಸಾಲಿಗೆ ಹೊಸಸಾಲಿನ ಗುರುತೂ ಸೇರಿ 15 ಬೈಟ್, ಅಂಥವು 273 ಆಗುವಷ್ಟರಲ್ಲಿ ಜಾಗ ಮುಗಿಯುತ್ತದೆ. ಸಾಲದ್ದಕ್ಕೆ ಇಡೀ ಮ್ಯಾಪ್ ಒಂದೇ ರೈಟ್ ಕರೆಯಲ್ಲಿ ಹೋಗಬೇಕು. ಬ್ಯಾಶ್‌ನ ಒಳಗಿನ ಪ್ರಿಂಟ್‌ಎಫ್ ಸಾಲಿಗೊಂದು ರೈಟ್ ಕಳಿಸುತ್ತದೆ. ಮೊದಲ ಸಾಲು ಒಪ್ಪಿಗೆಯಾಗಿ ಎರಡನೆಯದಕ್ಕೆ ಇನ್ವ್ಯಾಲಿಡ್ ಆರ್ಗ್ಯುಮೆಂಟ್ ಬರುತ್ತದೆ. ಮ್ಯಾಪ್ ಬರೆಯಲು ಇರುವುದು ಒಂದೇ ಅವಕಾಶ, ಹಾಗಾಗಿ ಮತ್ತೆ ಪ್ರಯತ್ನಿಸಿದರೆ ಅನುಮತಿ ಇಲ್ಲ ಎಂಬ ಉತ್ತರ. ಆ ನೇಮ್‌ಸ್ಪೇಸನ್ನು ಬಿಟ್ಟು ಹೊಸದನ್ನೇ ಮಾಡಬೇಕು. ಪ್ರಾಕ್‌ನ ಫೈಲುಗಳು ತಮ್ಮ ಬ್ಲಾಕ್ ಗಾತ್ರ 1024 ಎಂದು ಹೇಳಿಕೊಳ್ಳುವುದರಿಂದ ಹೊರಗಿನ ಪ್ರಿಂಟ್‌ಎಫ್ ಕೂಡ ಉದ್ದ ಬರಹವನ್ನು ಅಲ್ಲಿಗೇ ಮುರಿಯಬಹುದು. ಮ್ಯಾಪನ್ನು ಮೊದಲು ಮಾಮೂಲಿ ಫೈಲಿಗೆ ಬರೆದಿಟ್ಟು, ನಕಲು ಮಾಡುವ ಡಿಡಿ ಕಮಾಂಡಿಗೆ ಬಿಎಸ್=64ಕೆ ಕೊಟ್ಟು ಸಾಗಿಸಿ. ಪೈಪಿನಿಂದ ಬರುವುದಾದರೆ ಐಫ್ಲ್ಯಾಗ್=ಫುಲ್‌ಬ್ಲಾಕ್ ಸೇರಿಸಿ. ಅನುಮಾನ ಬಂದರೆ, ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಕರೆಗಳನ್ನು ತೋರಿಸುವ ಎಸ್‌ಟ್ರೇಸ್‌ನಲ್ಲಿ ರೈಟ್ ಕರೆಗಳನ್ನು ಎಣಿಸಿ.

ಪೇಜ್ ಎಲ್ಲ ಯಂತ್ರದಲ್ಲೂ 4096 ಅಲ್ಲ ಎನ್ನುವುದನ್ನೂ ಗಮನಿಸಬೇಕು. ಎಆರ್‌ಎಂ64 ಕರ್ನಲ್ಲುಗಳು 16 ಕೆ ಅಥವಾ 64 ಕೆ ಪೇಜಿನಲ್ಲೂ ಓಡುತ್ತವೆ. ಅಲ್ಲಿ ಸಲೀಸಾಗಿ ಹೋದ 6000 ಬೈಟಿನ ಬರಹ ಎಕ್ಸ್86ರಲ್ಲಿ ತುಂಡಾಗುತ್ತದೆ. ಕರ್ನಲ್ಲಿನ ವಸ್ತುಗಳನ್ನು ಫೈಲುಗಳ ಮೂಲಕ ರಚಿಸಿ ಹೊಂದಿಸಲು ಇರುವ ಕಾನ್ಫಿಗ್‌ಎಫ್‌ಎಸ್ ಬರೆದವರು ಇದನ್ನು ಮೊದಲೇ ಯೋಚಿಸಿ, ಪೇಜ್ ಎಷ್ಟೇ ಇರಲಿ ಪಠ್ಯ ಆಟ್ರಿಬ್ಯೂಟಿಗೆ 4096 ಎಂದೇ ನಿಗದಿ ಮಾಡಿದ್ದಾರೆ, ಬರೆಯುವಾಗ ಅದರಲ್ಲಿ ಸಿಗುವುದು 4095. ಉಳಿದ ಕಡೆ, ಪೇಜಿನ ಅಳತೆ ತೋರಿಸುವ ಗೆಟ್‌ಕಾನ್ಫ್ ಪೇಜ್‌ಸೈಜ್ ಕಮಾಂಡ್ ಎಷ್ಟು ಹೇಳಿದರೂ, ಎರಡೂ ಬಗೆಯ ಯಂತ್ರದಲ್ಲಿ ಓಡಬೇಕಾದ ಸ್ಕ್ರಿಪ್ಟಿನಲ್ಲಿ ಒಂದೊಂದು ಬರಹವನ್ನೂ 4095 ಬೈಟಿನೊಳಗೆ ಇಟ್ಟುಕೊಳ್ಳಿ.