1976ರ ಫೋರ್ಡ್ ಎಫ್-100: ಮುಂದಿನ ಕಿಂಗ್‌ಪಿನ್, ಬುಷ್, ಸ್ಪ್ರಿಂಗ್ ಬದಲಾವಣೆ

ಗಾಡಿ ಪಿಕಪ್, ಟೂ-ವ್ಹೀಲ್ ಡ್ರೈವ್, ಮುಂದೆ ಡಿಸ್ಕ್ ಬ್ರೇಕ್. ಸ್ಟೇರಿಂಗ್ ತಿರುಗಿಸಿದಾಗ ಮುಂದಿನ ಚಕ್ರ ಯಾವ ನಿಲುವಿನ ಗೂಟದ ಸುತ್ತ ಹೊರಳುತ್ತದೋ ಅದು ಕಿಂಗ್‌ಪಿನ್; ಪಿನ್ ಅಥವಾ ಬೋಲ್ಟಿನ ಸುತ್ತ ಕೂರುವ ಒಳಕೊಳವೆ ಬುಷ್. ಸದ್ಯದ ಸ್ಥಿತಿ: ಎಡಗಡೆ ಜೋಡಣೆ ಮುಗಿದಿದೆ. ಬಲಗಡೆಯ ಸ್ಪಿಂಡಲ್ (ಚಕ್ರವನ್ನು ಹೊತ್ತು ಕಿಂಗ್‌ಪಿನ್ ಮೇಲೆ ಹೊರಳುವ ಭಾಗ) ರೀಮಿಂಗ್‌ಗೆ, ಅಂದರೆ ಬುಷ್‌ನ ತೂತನ್ನು ಪಿನ್‌ನ ಅಳತೆಗೆ ಕೊರೆಸಲು, ಹೋಗಿದೆ, ಬೀಮ್ ಸ್ಟ್ಯಾಂಡ್ ಮೇಲಿದೆ.

ಫೋರ್ಡ್ 1965ರಲ್ಲಿ ತಂದ ಟ್ವಿನ್ ಐ-ಬೀಮ್ ವ್ಯವಸ್ಥೆ ಇದು. ಫೋರ್ಜ್ ಮಾಡಿದ ಉಕ್ಕಿನ ಬೀಮ್ ಎರಡಿವೆ. ಬಲಚಕ್ರದ ಬೀಮ್ ತಿರುಗುವ ಬುಡ ಗಾಡಿಯ ಎಡಭಾಗದಲ್ಲಿ, ಎಡಚಕ್ರದ್ದು ಬಲಭಾಗದಲ್ಲಿ. ಬೀಮ್ ಹಿಂದೆ-ಮುಂದೆ ಸರಿಯದಂತೆ ರೇಡಿಯಸ್ ಆರ್ಮ್ ಹಿಡಿಯುತ್ತದೆ, ಭಾರವನ್ನು ಕಾಯಿಲ್ ಸ್ಪ್ರಿಂಗ್ ಹೊರುತ್ತದೆ. ಹೀಗಿರುವುದರಿಂದ ಗಾಡಿಯ ಎತ್ತರ ಬದಲಾದರೆ ಚಕ್ರದ ವಾಲಿಕೆಯೂ ಬದಲಾಗುತ್ತದೆ. ಸ್ಪ್ರಿಂಗ್ ಕುಸಿದರೆ ಚಕ್ರದ ತಲೆ ಒಳಕ್ಕೆ ವಾಲಿ ಟೈರಿನ ಒಳಅಂಚು ಸವೆಯುತ್ತದೆ. ಹಾಗಾಗಿ ಕುಸಿದ ಸ್ಪ್ರಿಂಗ್ ಇಟ್ಟುಕೊಂಡು ಕಿಂಗ್‌ಪಿನ್ ಮಾತ್ರ ಬದಲಿಸುವುದು ದುಡ್ಡು ದಂಡ. ಫೋರ್ಡ್ ತನ್ನ ಅಲೈನ್‌ಮೆಂಟ್ ಪಟ್ಟಿಯಲ್ಲಿ ಕ್ಯಾಂಬರ್ (ಚಕ್ರದ ಒಳ-ಹೊರ ವಾಲಿಕೆ), ಕ್ಯಾಸ್ಟರ್ (ಕಿಂಗ್‌ಪಿನ್‌ನ ಹಿಂದೆ-ಮುಂದೆ ವಾಲಿಕೆ) ಅಂಕಿಗಳನ್ನು ಎತ್ತರಕ್ಕೆ ತಕ್ಕಂತೆ ಕೊಟ್ಟಿರುವುದೂ ಇದಕ್ಕೇ. ಟೇಪ್ ಹಿಡಿದು ಎರಡೂ ಬದಿ ಬೀಮ್‌ಗೂ ಫ್ರೇಮ್‌ಗೂ ನಡುವಿನ ಅಂತರ ಅಳೆದು ಬರೆದಿಟ್ಟ ಮೇಲೆಯೇ ಬೇರೆ ಕೆಲಸ.

ಆಟ (ಸಡಿಲಿಕೆ) ಎಲ್ಲಿದೆ ಎಂದು ಹುಡುಕುವುದು

ಜಾಕಿಯನ್ನು ಬೀಮ್ ಕೆಳಗೆ ಕೊಟ್ಟು ಚಕ್ರ ಎತ್ತಿ, ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಬೇಕು. ಆಟ ಕಂಡರೆ ಇನ್ನೊಬ್ಬರಿಂದ ಬ್ರೇಕ್ ಒತ್ತಿಸಿ ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಆಟ ಮಾಯವಾದರೆ ವ್ಹೀಲ್ ಬೇರಿಂಗ್ ಸಡಿಲ, ಉಳಿದರೆ ಕಿಂಗ್‌ಪಿನ್ ಬುಷ್ ಸವೆದಿದೆ. ಎಡ-ಬಲ ಹಿಡಿದು ಅಲ್ಲಾಡಿಸಿದಾಗ ಬರುವ ಆಟಕ್ಕೆ ಮೊದಲು ಟೈ ರಾಡ್ ಎಂಡ್ (ಸ್ಟೇರಿಂಗ್ ಸರಳಿನ ತುದಿಯ ಕೀಲು) ನೋಡಬೇಕು. ಈ ಗಾಡಿಯಲ್ಲಿ ಎರಡೂ ಬದಿ ಬ್ರೇಕ್ ಒತ್ತಿದರೂ ಆಟ ಉಳಿಯಿತು.

ಬ್ರೇಕ್ ಹಾಕಿದಾಗ ಕೆಳಗಿನಿಂದ ದಡ್ ಎಂಬ ಸದ್ದು, ಒಂದು ಕಡೆಗೆ ಎಳೆತ, ಇವು ರೇಡಿಯಸ್ ಆರ್ಮ್ ಬುಷ್‌ನ ಲಕ್ಷಣಗಳು. ರಬ್ಬರ್ ಹೋದರೆ ಬ್ರೇಕ್ ಹೊಡೆತಕ್ಕೆ ಬೀಮ್ ಹಿಂದಕ್ಕೆ ಸರಿಯುತ್ತದೆ.

ತರಿಸಿದ ಸಾಮಾನು

ಕಿಂಗ್‌ಪಿನ್ ಕಿಟ್ ಒಂದು: ಪಿನ್ 2, ಕಂಚಿನ ಬುಷ್ 4, ಥ್ರಸ್ಟ್ ಬೇರಿಂಗ್ (ಗಾಡಿಯ ಭಾರ ಹೊರುವ ಬೇರಿಂಗ್) 2, ಲಾಕ್ ಪಿನ್ 2, ಜೊತೆಗೆ ಸೀಲ್, ಶಿಮ್ (ಸಂದು ತುಂಬುವ ತೆಳು ಬಿಲ್ಲೆ), ಪ್ಲಗ್. ಬೀಮ್ ಬುಡದ ಬುಷ್ 2, ರೇಡಿಯಸ್ ಆರ್ಮ್ ಬುಷ್ ಎರಡು ಬದಿಗೆ, ಸ್ಪ್ರಿಂಗ್ 2, ಶಾಕ್ 2, ಟೈ ರಾಡ್ ಎಂಡ್‌ಗಳು, ಹಬ್‌ನ ಗ್ರೀಸ್ ಸೀಲ್ 2. ನೈಲಾನ್ ಬುಷ್ ಇರುವ ಕಿಟ್‌ಗೆ ರೀಮಿಂಗ್ ಬೇಕಿಲ್ಲ, ಮನೆಯಲ್ಲೇ ಮುಗಿಯುತ್ತದೆ. ಆದರೂ ಭಾರ ಹೊರುವ ಪಿಕಪ್‌ಗೆ ಕಂಚೇ ಸರಿ.

ಬಿಚ್ಚುವುದು

ಕ್ಯಾಲಿಪರ್ ಬಿಚ್ಚಿ ತಂತಿಯಲ್ಲಿ ಫ್ರೇಮ್‌ಗೆ ಕಟ್ಟಬೇಕು, ಹೋಸ್ ಮೇಲೆ ನೇತುಬಿಡಬಾರದು. ಹಬ್, ಡಸ್ಟ್ ಶೀಲ್ಡ್, ಟೈ ರಾಡ್ ಎಂಡ್ ಕಳಚಿದ ಮೇಲೆ ಕಿಂಗ್‌ಪಿನ್ ಸರದಿ. ಮೊದಲು ಲಾಕ್ ಪಿನ್ ಹೊರಬರಬೇಕು. ಇದು ಬೀಮ್‌ನಲ್ಲಿ ಅಡ್ಡಲಾಗಿ ಕೂತು ಕಿಂಗ್‌ಪಿನ್‌ನ ಕಚ್ಚನ್ನು ಹಿಡಿದಿರುತ್ತದೆ. ಅದರ ನಟ್ಟನ್ನು ಪೂರ್ತಿ ತೆಗೆಯದೆ ತಿರುಪಿನ ಎಳೆಯ ತುದಿಗೆ ಸಮವಾಗಿ ತಂದು ಬಡಿದರೆ ಎಳೆ ಹಾಳಾಗುವುದಿಲ್ಲ. ಲಾಕ್ ಪಿನ್ ಒಳಗಿರುವಾಗಲೇ ಕಿಂಗ್‌ಪಿನ್‌ಗೆ ಸುತ್ತಿಗೆ ಹಾಕಿದರೆ ಪಿನ್‌ನ ತಲೆ ಅರಳುತ್ತದೆ, ಆಮೇಲೆ ಯಾವ ದಿಕ್ಕಿಗೂ ಬರುವುದಿಲ್ಲ. ಮೇಲಿನ, ಕೆಳಗಿನ ಪ್ಲಗ್ ತೆಗೆದು ಪಿನ್ನನ್ನು ಮೇಲಿಂದ ಕೆಳಕ್ಕೆ ಬಡಿದು ಇಳಿಸಬೇಕು. ಸ್ಪಿಂಡಲ್‌ನ ಬುಷ್‌ಗೆ ಗ್ರೀಸ್ ಸಿಗುತ್ತದೆ, ಬೀಮ್‌ನ ಕಣ್ಣಿಗೆ (ಪಿನ್ ಹಾಯುವ ತೂತಿಗೆ) ಸಿಗುವುದಿಲ್ಲ. ಪಿನ್ ತುಕ್ಕು ಹಿಡಿದು ಕಚ್ಚಿಕೊಳ್ಳುವುದು ಅಲ್ಲಿಯೇ. ತುಕ್ಕು ಬಿಡಿಸುವ ಎಣ್ಣೆಯಲ್ಲಿ ಅದು ರಾತ್ರಿಯಿಡೀ ನೆನೆಯಬೇಕು. ಬೀಮ್ ಕೆಂಪಾಗುವಷ್ಟು ಕಾಯಿಸುವುದು ಬೇಡ.

ಸ್ಪ್ರಿಂಗ್ ವಿಷಯದಲ್ಲಿ ಈ ವಿನ್ಯಾಸ ಉದಾರಿ. ಶಾಕ್ ಬಿಚ್ಚಿ, ಸ್ಪ್ರಿಂಗ್‌ನ ಮೇಲಿನ-ಕೆಳಗಿನ ರಿಟೇನರ್ ತೆಗೆದು, ಜಾಕಿಯ ಮೇಲೆ ಬೀಮ್ಮನ್ನು ನಿಧಾನ ಇಳಿಸಿದರೆ ಉದ್ದನೆಯ ಬೀಮ್ ಸಾಕಷ್ಟು ಕೆಳಗೆ ಬಂದು ಸ್ಪ್ರಿಂಗ್ ಬಿಗುವು ಕಳೆದುಕೊಳ್ಳುತ್ತದೆ. ಫ್ರೇಮ್ ಮಾತ್ರ ಸ್ಟ್ಯಾಂಡ್ ಮೇಲೆಯೇ ಇರಬೇಕು.

ರೇಡಿಯಸ್ ಆರ್ಮ್‌ನ ಹಳೆಯ ಬುಷ್ ಕೈಗೆ ಬಂದಾಗ ರಬ್ಬರ್ ವಾಷರ್‌ನ ಸುತ್ತ ಹಿಂಡಿ ಹೊರಬಂದಿತ್ತು. ಬುಷ್ ಕೂರುವ ಬ್ರಾಕೆಟ್‌ನ ತೂತು ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಹೊಸ ಬುಷ್ ಬೇಗ ಹರಿಯುತ್ತದೆ. ಇಲ್ಲಿ ತೂತು ದುಂಡಗಿದೆ, ಬ್ರಾಕೆಟ್ ಉಳಿಯಿತು. ಬುಷ್‌ಗೆ ಪಾಲಿಯುರೆಥೇನ್ ಬಿಟ್ಟು ರಬ್ಬರ್ ಹಾಕಿದ್ದೇನೆ: ಬೀಮ್ ಮೇಲೆ-ಕೆಳಗೆ ತೂಗುವಾಗ ಆರ್ಮ್‌ನ ತುದಿ ಓರೆಯಾಗುತ್ತದೆ, ಆ ಓರೆಗೆ ಬಾಗುವ ಗುಣ ಮೆತ್ತನೆಯ ರಬ್ಬರ್‌ಗೆ ಹೆಚ್ಚು.

ಬುಷ್ ಮತ್ತು ರೀಮಿಂಗ್

ಇಡೀ ಕೆಲಸದ ಆಯುಷ್ಯ ನಿಂತಿರುವುದು ಇಲ್ಲಿ. ಬುಷ್ ಒತ್ತುವಾಗ ಅದರ ಗ್ರೀಸ್ ತೂತು ಸ್ಪಿಂಡಲ್‌ನ ನಿಪ್ಪಲ್ (ಗ್ರೀಸ್ ತುಂಬುವ ಬಾಯಿ) ತೂತಿಗೆ ಸರಿಯಾಗಿ ಎದುರಾಗಬೇಕು, ಗ್ರೀಸ್ ಕಾಲುವೆಯ ತೆರೆದ ಬಾಯಿ ಬೀಮ್ ಕಡೆಗಿರಬೇಕು. ತೂತು ತಪ್ಪಿದರೆ ನಿಪ್ಪಲ್‌ಗೆ ಎಷ್ಟು ಗ್ರೀಸ್ ಗನ್ ಒತ್ತಿದರೂ ಪಿನ್ ಒಣಗಿಯೇ ಇರುತ್ತದೆ. ಮೇಲಿನ ಮತ್ತು ಕೆಳಗಿನ ಬುಷ್ ಎರಡನ್ನೂ ಪೈಲಟ್ (ದಾರಿ ಹಿಡಿಸುವ ಮುಂತುದಿ) ಇರುವ ಉದ್ದನೆಯ ರೀಮರ್‌ನಿಂದ ಒಂದೇ ಗೆರೆಯಲ್ಲಿ ಕೊರೆಸಬೇಕು. ಬೇರೆಬೇರೆಯಾಗಿ ಕೊರೆದರೆ ಪಿನ್ ಒಂದೊಂದರಲ್ಲಿ ಸಲೀಸಾಗಿ ಹೋಗುತ್ತದೆ, ಎರಡರಲ್ಲೂ ಒಟ್ಟಿಗೆ ಹಾಕಿದಾಗ ಬಿಗಿಯುತ್ತದೆ. ಸ್ಟೇರಿಂಗ್ ತಾನಾಗಿ ನೇರಕ್ಕೆ ಮರಳದ ಗಾಡಿಗಳಲ್ಲಿ ಇದೂ ಒಂದು ಕಾರಣ. ಎಣ್ಣೆ ಸವರಿದ ಪಿನ್ ಹೆಬ್ಬೆರಳಿನ ಒತ್ತಡಕ್ಕೆ ಇಳಿಯಬೇಕು, ತಾನಾಗಿ ಜಾರಿ ಬೀಳಬಾರದು. ನಮ್ಮೂರಿನ ಲಾರಿ ಗ್ಯಾರೇಜುಗಳಲ್ಲಿ ಕಿಂಗ್‌ಪಿನ್ ಬುಷ್ ಹಾಕಿದ್ದು ನೋಡಿದವರಿಗೆ ಈ ಹದ ಹೊಸದಲ್ಲ.

ಜೋಡಿಸುವಾಗ ಥ್ರಸ್ಟ್ ಬೇರಿಂಗ್‌ನ ತುಟಿ ಕೆಳಮುಖವಾಗಿರಲಿ. ಸ್ಪಿಂಡಲ್‌ನಲ್ಲಿ ಮೇಲೆ-ಕೆಳಗೆ ಆಟ ಉಳಿದರೆ ಶಿಮ್ ಹಾಕಬೇಕು. ಪಿನ್‌ನ ಕಚ್ಚು ಲಾಕ್ ಪಿನ್ ತೂತಿಗೆ ಸರಿಹೊಂದಿದೆ ಎಂದು ಟಾರ್ಚ್ ಹಾಕಿ ನೋಡಿಯೇ ಬಡಿಯಬೇಕು. ಗ್ರೀಸ್ ತುಂಬುವಾಗ ಚಕ್ರ ನೆಲದಿಂದ ಎತ್ತಿರಲಿ, ಇಲ್ಲದಿದ್ದರೆ ಭಾರಕ್ಕೆ ಒತ್ತಿಕೊಂಡ ಥ್ರಸ್ಟ್ ಬೇರಿಂಗ್‌ಗೆ ಗ್ರೀಸ್ ಸರಿಯಾಗಿ ತಲುಪುವುದಿಲ್ಲ.

ಹಬ್ ನಟ್ಟನ್ನು ರೋಟರ್ ತಿರುಗಿಸುತ್ತಲೇ 17ರಿಂದ 25 ಪೌಂಡ್-ಅಡಿ ಬಿಗಿದು, ಅರ್ಧ ಸುತ್ತು ಸಡಿಲಿಸಿ, ಮತ್ತೆ ಬೆರಳಲ್ಲಿ ತಾಗುವಷ್ಟು ಮಾತ್ರ ತಿರುಗಿಸಿ ಹೊಸ ಕಾಟರ್ ಪಿನ್ ಹಾಕಿದೆ.

ಉಳಿದದ್ದು

ಬೀಮ್ ಬುಡದ ಬೋಲ್ಟ್ ಎಡಗಡೆಯಲ್ಲೂ ಇನ್ನೂ ಕೈಬಿಗಿಯಲ್ಲೇ ಇದೆ. ಚಕ್ರ ತೂಗಾಡುತ್ತಿರುವಾಗ ಬಿಗಿದರೆ ರಬ್ಬರ್ ಅದೇ ಭಂಗಿಯಲ್ಲಿ ಕಚ್ಚಿಕೊಳ್ಳುತ್ತದೆ, ಗಾಡಿ ಇಳಿಸಿದ ಕೂಡಲೇ ತಿರುಚಿಕೊಂಡು ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಎರಡೂ ಬದಿ ಮುಗಿದ ಮೇಲೆ ಗಾಡಿ ನೆಲಕ್ಕಿಳಿಸಿ, ಹಲವು ಅಡಿ ಹಿಂದೆ-ಮುಂದೆ ಉರುಳಿಸಿ, ಆಮೇಲೆ ಪೂರ್ತಿ ಟಾರ್ಕ್. ಜಾಕಿಯಿಂದ ಇಳಿದ ಕೂಡಲೇ ಟೈರುಗಳ ತಲೆ ಹೊರಕ್ಕೆ ಚೆಲ್ಲಿಕೊಂಡಿರುತ್ತದೆ, ಉರುಳಿಸದೆ ಅಳೆದ ಯಾವ ಅಂಕಿಯೂ ನಿಜವಲ್ಲ. ಅಲೈನ್‌ಮೆಂಟ್ ಅಂಗಡಿಯವರೆಗೆ ಓಡಿಸಲು ಟೋ-ಇನ್ (ಎರಡು ಚಕ್ರಗಳ ಮುಂಭಾಗ ಒಳಕ್ಕೆ ತಿರುಗಿರುವ ಅಳತೆ) ಸುಮಾರು 1/8 ಇಂಚಿಗೆ ಇಟ್ಟರೆ ಸಾಕು.

ಅಲೈನ್‌ಮೆಂಟ್‌ಗೆ ಅಂಗಡಿ ಆರಿಸುವಾಗ ಫೋನಿನಲ್ಲೇ ಕೇಳಬೇಕು. ಕಿಂಗ್‌ಪಿನ್ ಇರುವ ಈ ಬೀಮ್‌ಗಳಲ್ಲಿ ಕ್ಯಾಂಬರ್ ತಿದ್ದಲು ಬೋಲ್ಟ್, ಶಿಮ್ ಏನೂ ಇಲ್ಲ, ಹೈಡ್ರಾಲಿಕ್ ಸಲಕರಣೆಯಿಂದ ಬೀಮ್ಮನ್ನೇ ತಣ್ಣಗಿರುವಾಗ ಬಗ್ಗಿಸಬೇಕು. ಅಂಥ ಸಲಕರಣೆ ಇಲ್ಲದ ಕಡೆ ಟೋ ಮಾತ್ರ ಸರಿಮಾಡಿ ಕಳಿಸುತ್ತಾರೆ. ಹೊಸ ಸ್ಪ್ರಿಂಗ್ ಸ್ವಲ್ಪ ಕೂರುತ್ತದಾದ್ದರಿಂದ ಮೊದಲ ಕೆಲವು ನೂರು ಮೈಲಿ ಓಡಿಸಿ, ಎತ್ತರ ಮತ್ತೆ ಅಳೆದು, ರೇಡಿಯಸ್ ಆರ್ಮ್ ನಟ್ಟುಗಳ ಬಿಗಿ ನೋಡಿಕೊಂಡು ಆಮೇಲೆ ಬೀಮ್ ಬಗ್ಗಿಸಲು ಕೊಡುವುದು.